ನೆಲಮಾಳಿಗೆಯನ್ನು ವಾಸದ ಕೋಣೆಯಾಗಿಸುವ ಮುನ್ನ

ನಮ್ಮ ಭಾಗದ ಹಳೆಯ ಮನೆಗಳಲ್ಲಿ ನೆಲದ ಮೇಲಿನ ಅಂಕಣಗಳಷ್ಟೇ ನೆಲದ ಕೆಳಗಿನ ಅವಕಾಶಕ್ಕೂ ಬೆಲೆಯಿತ್ತು. ಪಡಸಾಲೆಯ ಕೆಳಗೆ ನೆಲಮಾಳಿಗೆ, ಅಂಗಳದಲ್ಲಿ ಹಗೇವು, ನೇಕಾರರ ಮನೆಯಾದರೆ ಮಗ್ಗದ ಕುಣಿ. ಇವನ್ನು ಹಿರಿಯರು ಅಂದಕ್ಕಾಗಿ ತೋಡಿದವರಲ್ಲ. ಮಳೆ ನಂಬಲಾಗದ ಸೀಮೆಯಲ್ಲಿ ಜೋಳವನ್ನು ಕಾಪಾಡಿಕೊಳ್ಳುವುದು ಜೀವವನ್ನು ಕಾಪಾಡಿಕೊಳ್ಳುವುದೇ ಆಗಿತ್ತು. ಇಂದು ಮನೆಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿ ಕಿರಿದಾಗಿವೆ. ಧಾನ್ಯ ತುಂಬುವ ಕಾಲ ಹೋಗಿದೆ. ಬರಿದಾದ ಆ ಕೆಳಗಿನ ಕೋಣೆಯನ್ನು ಮಕ್ಕಳ ಓದಿಗೆ, ಮಗ್ಗಕ್ಕೆ ಅಥವಾ ಬೇಸಿಗೆಯಲ್ಲಿ ಮಲಗುವುದಕ್ಕೆ ಸಿದ್ಧಗೊಳಿಸಬೇಕೆಂಬ ಆಲೋಚನೆ ಅನೇಕ ಕುಟುಂಬಗಳಲ್ಲಿದೆ.

ಮಠಕ್ಕೆ ಬರುವ ಗೃಹಸ್ಥರು ಈ ವಿಷಯವಾಗಿ ನಮ್ಮನ್ನು ಕೇಳುವುದುಂಟು. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಬಾಗಿಲು ಯಾವ ದಿಕ್ಕಿಗಿರಬೇಕು ಎಂಬುದು. ದಿಕ್ಕಿಗಿಂತ ಮೊದಲು ವಿಚಾರಿಸಬೇಕಾದುದು ಬೇರೆ ಇದೆ. ಆ ಕೋಣೆ ಯಾರಿಗಾಗಿ ಹುಟ್ಟಿತು? ಧಾನ್ಯಕ್ಕಾಗಿ. ಧಾನ್ಯಕ್ಕೆ ಬೇಕಾದುದು ಕತ್ತಲೆ, ಮುಚ್ಚಿದ ಬಾಯಿ, ಗಾಳಿಯಿಲ್ಲದ ಅವಕಾಶ. ಮನುಷ್ಯನಿಗೆ ಬೇಕಾದುದು ಬೆಳಕು, ತೆರೆದ ದಾರಿ, ಓಡಾಡುವ ಗಾಳಿ. ಆದುದರಿಂದ ನೆಲಮಾಳಿಗೆಯನ್ನು ವಾಸಯೋಗ್ಯ ಮಾಡುವುದೆಂದರೆ ಸುಣ್ಣ ಬಳಿದು ದೀಪ ಹಾಕಿಸುವುದಲ್ಲ, ಅದರ ಸ್ವಭಾವವನ್ನೇ ತಿರುಗಿಸುವುದು. ಈ ಮಾತನ್ನು ಮರೆತರೆ ಹಣದೊಡನೆ ಆರೋಗ್ಯವೂ, ಕೆಲವೊಮ್ಮೆ ಪ್ರಾಣವೂ ಹೋಗುತ್ತದೆ.

ಪ್ರಾಣದ ಮಾತನ್ನು ಮೊದಲು ಹೇಳುತ್ತೇವೆ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಧಾನ್ಯವೂ ಹುಳುಗಳೂ ಉಸಿರಾಡಿ ಆಮ್ಲಜನಕ ಮುಗಿದಿರುತ್ತದೆ, ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಎಚ್ಚರ ತಪ್ಪಿ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಹಿರಿಯರು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದೆಂಬುದು ನಿಜ. ಆದರೆ ಮನುಷ್ಯನಿಗೆ ಸಾಲದಷ್ಟು ಗಾಳಿಯಲ್ಲಿಯೂ ದೀಪ ಉರಿಯಬಲ್ಲದು, ಆದುದರಿಂದ ಅದೊಂದನ್ನೇ ನಂಬಬಾರದು. ಬಾಯಿಯನ್ನು ದಿನಗಟ್ಟಲೆ ತೆರೆದಿಟ್ಟು, ಯಂತ್ರದಿಂದ ಗಾಳಿ ಊದಿಸಿ, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರನ್ನು ನಿಲ್ಲಿಸಿಯೇ ಕೆಲಸ ನಡೆಯಬೇಕು. ಕಿರಿದಾದ ಬಾಯಿಯ ಹಗೇವನ್ನು ಕೋಣೆಯಾಗಿಸುವ ಆಸೆಯೇ ಬೇಡ. ಉಪಯೋಗವಿಲ್ಲದಿದ್ದರೆ ಮೇಲಿನಿಂದಲೇ ಮಣ್ಣು ತುಂಬಿಸಿ, ದಮ್ಮಸು ಮಾಡಿಸಿ ಮುಚ್ಚಿಸುವುದು ಲೇಸು. ಇಲ್ಲಿಂದ ಮುಂದಿನ ಮಾತು ಮೆಟ್ಟಿಲುಳ್ಳ ನೆಲಮಾಳಿಗೆಗೆ ಮಾತ್ರ ಅನ್ವಯಿಸುತ್ತದೆ.

ಎರಡನೆಯದು ನೀರು. ನಮ್ಮದು ಮಳೆ ಕಡಿಮೆಯ ಜಿಲ್ಲೆ, ನೆಲದೊಳಗೆ ನೀರೆಲ್ಲಿಂದ ಬಂದೀತು ಎಂದು ನಿಶ್ಚಿಂತರಾಗಬಾರದು. ಬಾದಾಮಿಯಲ್ಲಿ ಗುಡ್ಡದ ಬುಡದ ಮನೆಗಳಿಗೆ ಬಂಡೆಯ ಮೇಲಿಂದ ಇಳಿದ ಮಳೆನೀರು ಗೋಡೆಯ ಹಿಂದೆ ನಿಲ್ಲಬಹುದು. ಎರೆನೆಲದ ಊರುಗಳಲ್ಲಿ ಮಣ್ಣೇ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಬಿರಿದು ಗೋಡೆಯನ್ನು ತಳ್ಳುತ್ತದೆ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯ ಮಹಾಪೂರ ಬಾದಾಮಿ, ಹುನಗುಂದ ಭಾಗಗಳ ಹೊಳೆದಂಡೆಯ ಮನೆಗಳನ್ನು ಹೊಕ್ಕುದನ್ನು ನಾವೆಲ್ಲ ಬಲ್ಲೆವು. ಅಂಥ ಊರುಗಳಲ್ಲಿ ನೆಲಮಾಳಿಗೆಯನ್ನು ಮಲಗುವ ಕೋಣೆ ಮಾಡಲೇಬಾರದು.

ಬಾಗಲಕೋಟೆಯ ಸ್ಥಿತಿ ಇನ್ನೂ ವಿಶೇಷವಾದುದು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಪಟ್ಟಣದ ದೊಡ್ಡ ಭಾಗ ಹೋಗಿ ನವನಗರ ಎದ್ದಿತು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯೂ ಇದೆ. ಹಳೆಯ ಊರಿನ ತಗ್ಗಿನಲ್ಲಿ ಮನೆಯುಳ್ಳವರು ನೆಲದ ಕೆಳಗೆ ಒಂದು ರೂಪಾಯಿ ಹಾಕುವ ಮೊದಲು ತಮ್ಮ ನಿವೇಶನ ಯಾವ ಮಟ್ಟದಲ್ಲಿದೆ, ಮುಳುಗಡೆಯ ಅಂಚಿಗೆ ಎಷ್ಟು ದೂರವಿದೆ ಎಂಬುದನ್ನು ಸಂಬಂಧಪಟ್ಟ ಕಚೇರಿಯಲ್ಲಿ ಲಿಖಿತವಾಗಿ ತಿಳಿದುಕೊಳ್ಳಬೇಕು.

ನೀರನ್ನು ಹೊರಗೆ ತಡೆದು ಕೆಳಗಿನ ಸ್ಥಳವನ್ನು ಉಳಿಸಿಕೊಳ್ಳಲು ಸಾಧ್ಯವೇ ಇಲ್ಲವೆಂದಲ್ಲ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಾಕಾರದ ಭದ್ರ ಗೋಡೆಯನ್ನು ಎಬ್ಬಿಸಲಾಯಿತು. ಭಕ್ತರು ಇಂದಿಗೂ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಆದರೆ ಅದು ಅಭಿಯಂತರರು ಲೆಕ್ಕ ಹಾಕಿ ಕಟ್ಟಿಸಿದ ಗೋಡೆ. ಒಳಗಿನಿಂದ ಒಂದು ಪದರ ಗಿಲಾವು ಮಾಡಿಸಿ ನೀರು ನಿಂತೀತೆಂದು ನಂಬುವವರು ಈ ಅಂತರವನ್ನು ಮನಗಾಣಬೇಕು.

ಹಾಗಾದರೆ ಪರೀಕ್ಷೆ ಹೇಗೆ? ಆಷಾಢದಿಂದ ದೀಪಾವಳಿಯವರೆಗೆ ಒಂದು ಪೂರ್ಣ ಮಳೆಗಾಲ ಕೋಣೆಯನ್ನು ಬರಿದಾಗಿಟ್ಟು ನೋಡಿರಿ. ಗೋಡೆಯಲ್ಲಿ ಬಿಳಿಯ ಉಪ್ಪು ಹೂವಿನಂತೆ ಅರಳಿದರೆ ಮಣ್ಣಿನ ತೇವ ಒಳಗೆ ಬರುತ್ತಿದೆಯೆಂದು ತಿಳಿಯಿರಿ. ಗಜದಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕು ಅಂಚುಗಳನ್ನೂ ಅಂಟಿಸಿ ಎರಡು ಮೂರು ದಿನ ಬಿಡಿರಿ. ಹಾಳೆಯ ಕೆಳಗೆ ಹನಿ ಕಂಡರೆ ತೇವ ನೆಲದ್ದು, ಮೇಲೆ ಕಂಡರೆ ಗಾಳಿಯದು. ನೆಲದ್ದಾದರೆ ಮೊದಲು ಮನೆಯ ಹೊರಗೆ ಚಿಕಿತ್ಸೆಯಾಗಬೇಕು. ಮಾಳಿಗೆಯ ನೀರನ್ನು ದೂರ ಒಯ್ಯುವ ಕೊಳವೆ, ಗೋಡೆಯಿಂದ ಹೊರಕ್ಕೆ ಇಳಿಜಾರಾದ ಅಂಗಳ, ಸೋರದ ಬಚ್ಚಲ ಮೋರಿ ಇವು ಮೊದಲನೆಯ ಖರ್ಚು. ಹಳೆಯ ಕಲ್ಲುಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ ಮೇಲಕ್ಕೇರುತ್ತದೆ. ಸುಣ್ಣದ ಗಾರೆ ಗೋಡೆಯನ್ನು ಉಸಿರಾಡಗೊಡುತ್ತದೆ.

ಮೂರನೆಯದು ಗಾಳಿ ಬೆಳಕು. ಬಾದಾಮಿಯ ಮೂರನೆಯ ಗುಹಾಲಯ ಕ್ರಿ.ಶ. 578ರದು. ಕಲ್ಲನ್ನೇ ಕೊರೆದ ಆ ಶಿಲ್ಪಿಗಳು ಮುಂಭಾಗವನ್ನು ಕಂಬಗಳ ನಡುವೆ ಪೂರ್ತಿ ತೆರೆದಿಟ್ಟರು. ಜನ ಸೇರುವ ಮಂಟಪಕ್ಕೆ ಬೆಳಕು, ಒಳಗಿನ ಗರ್ಭಗುಡಿಗೆ ಮಾತ್ರ ಕತ್ತಲೆ. ನಮ್ಮ ಮನೆಗಳಿಗೂ ಇದೇ ಪಾಠ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನೆಲಮಾಳಿಗೆಯ ಎತ್ತರ ಕನಿಷ್ಠ 2.4 ಮೀಟರ್, ಅಂದರೆ ಸುಮಾರು 8 ಅಡಿ ಇರಬೇಕು. ಅದರ ಛಾವಣಿ ಸುತ್ತಲಿನ ನೆಲಕ್ಕಿಂತ 0.9 ಮೀಟರಾದರೂ ಮೇಲಿರಬೇಕು. ಆ ಮೂರು ಅಡಿಯ ಪಟ್ಟಿಯೇ ಕಿಟಕಿಯ ಸ್ಥಳ. ಎತ್ತರದ ಕಟ್ಟೆಯ ಮೇಲೆ ನಿಂತ ಹಳೆಯ ಮನೆಗಳಿಗೆ ಈ ಅನುಕೂಲವಿದೆ. ಒಣ ಸೆಕೆಯ ಸೀಮೆಯಲ್ಲಿ ವಾಸದ ಕೋಣೆಯ ಕಿಟಕಿಗಳು ನೆಲದ ವಿಸ್ತೀರ್ಣದ ಹತ್ತನೆಯ ಒಂದು ಪಾಲಿರಬೇಕೆಂಬುದು ನಿಯಮ. ಹತ್ತು ಹನ್ನೆರಡು ಅಡಿಯ ಕೋಣೆಗೆ ಇದು 12 ಚದರ ಅಡಿಯಾಗುತ್ತದೆ. ಅದನ್ನು ಎದುರುಬದುರು ಎರಡಾಗಿ ಹಂಚಿದರೆ ಗಾಳಿ ಹಾಯುತ್ತದೆ. ಅಡಿಗೆಯ ಗ್ಯಾಸ್ ಗಾಳಿಗಿಂತ ಭಾರವಾದುದು, ಸೋರಿದರೆ ಕೆಳಗೇ ನಿಲ್ಲುತ್ತದೆ. ಆದುದರಿಂದ ಸಿಲಿಂಡರನ್ನಾಗಲಿ ಒಲೆಯನ್ನಾಗಲಿ ಅಲ್ಲಿಗೆ ಇಳಿಸಕೂಡದು.

ಎತ್ತರ ಸಾಲದೆಂದು ನೆಲವನ್ನು ಅಗೆಯುವವರಿದ್ದಾರೆ. ಬುನಾದಿಯ ತಳಕ್ಕಿಂತ ಕೆಳಗೆ ಒಂದು ಗೇಣು ಅಗೆದರೂ ಮೇಲಿನ ಇಡೀ ಮನೆಯ ಭಾರ ಆಧಾರ ತಪ್ಪುತ್ತದೆ. ಬಲ್ಲ ಅಭಿಯಂತರರನ್ನೂ, ನಗರಸಭೆ ಅಥವಾ ಪುರಸಭೆಯ ಪರವಾನಿಗೆಯನ್ನೂ ಬಿಟ್ಟು ಗುದ್ದಲಿ ಎತ್ತಬಾರದು. ನೆಲಮಾಳಿಗೆಯನ್ನು ಯಾವ ಉಪಯೋಗಕ್ಕೆ ಬಿಡುತ್ತಾರೆ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು. ಹೊರಬರಲು ಎರಡನೆಯ ದಾರಿ, ಕನಿಷ್ಠಪಕ್ಷ ಮನುಷ್ಯ ಹಾಯುವಷ್ಟು ಕಿಟಕಿ ಇರಲೇಬೇಕು.

ಕೊನೆಯದಾಗಿ, ಅಲ್ಲಿ ಇರುವವರು ಯಾರು? ಇಳಕಲ್ಲದ ಸೀರೆಯನ್ನು ನೇಯುವ ಕುಣಿಮಗ್ಗಕ್ಕೆ ನೆಲದ ತಂಪು ಬೇಕು, ತೇವವಿದ್ದರೆ ನೂಲು ಹರಿಯದು. ಆದರೆ ನೂಲಿಗೆ ಹಿತವಾದ ತೇವ ನೇಯುವವರ ಮೊಣಕಾಲಿಗೆ ಹಿತವಲ್ಲ. ಮಗ್ಗವನ್ನು ಕೆಳಗಿಳಿಸುವವರು ಕುಣಿಯಲ್ಲಿ ಕಾಲಿಡುವ ಜಾಗಕ್ಕೆ ಹಲಗೆ ಹಾಸಿ, ಕಣ್ಣಿಗೆ ಬೆಳಕು ಬೀಳುವಂತೆ ಕಿಟಕಿಯ ಬದಿಗೆ ಮಗ್ಗವನ್ನು ಹೂಡಲಿ. ಓದುವ ಮಕ್ಕಳಿಗೆ, ಪುಸ್ತಕಕ್ಕೆ, ಬೇಸಿಗೆಯ ಮಧ್ಯಾಹ್ನದ ವಿಶ್ರಾಂತಿಗೆ ಒಣಗಿದ, ಗಾಳಿಯುಳ್ಳ ನೆಲಮಾಳಿಗೆ ಉತ್ತಮವಾದುದು. ಮೇಲೆ ಚಿತ್ತಿರಿಯುವ ಬಿಸಿಲಿದ್ದರೂ ಕೆಳಗೆ ತಂಪಿರುತ್ತದೆ.

ಆದರೆ ಮೇಲೆ ಸ್ಥಳ ಸಾಲದೆಂದು ವಯಸ್ಸಾದ ತಾಯಿತಂದೆಗಳ ಹಾಸಿಗೆಯನ್ನು ಕೆಳಗಿಳಿಸುವ ಯೋಚನೆ ಯಾವ ಮನೆಯಲ್ಲಿಯೂ ಬಾರದಿರಲಿ. ಮೆಟ್ಟಿಲು ಹತ್ತಲಾರದವರಿಗೆ ಆ ಕೋಣೆ ಎಷ್ಟು ತಂಪಾಗಿದ್ದರೂ ಅದು ಹಗೇವೇ. ಯಜಮಾನನು ನಕ್ಷೆ ಬರೆಸುವ ಮುನ್ನ ತಾನೇ ಎಂಟು ದಿನ ಅಲ್ಲಿ ಮಲಗಿ ನೋಡಲಿ. ತನಗೆ ಸಹನವಾದುದನ್ನು ಮಾತ್ರ ಮನೆಯವರಿಗೆ ಕೊಡಲಿ.