ಬಾಣಂತಿ ಸನ್ನಿ ಮತ್ತು ಆಸ್ಪತ್ರೆಯ ಆರೈಕೆ

ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಬಾಣಂತಿಯು ಕಾರಣವಿಲ್ಲದೆ ಕಣ್ಣೀರಿಡುವುದುಂಟು. ಇದು ಬಹುಮಂದಿ ತಾಯಂದಿರಲ್ಲಿ ಕಂಡುಬರುವಂಥದು. ವಿಶ್ರಾಂತಿ ಮತ್ತು ಮನೆಯವರ ಆದರಣೆ ದೊರೆತರೆ ಎರಡು ವಾರದೊಳಗೆ ತಾನಾಗಿ ಶಮನವಾಗುತ್ತದೆ. ಆದರೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದಕ್ಕಿಂತ ತೀರ ಬೇರೆಯಾದ, ಉಗ್ರವಾದ ಮನೋರೋಗವು ತಲೆದೋರುತ್ತದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದುದರಲ್ಲಿ ಇದೂ ಸೇರಿತ್ತು.

ರೋಗವು ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ ಹಠಾತ್ತನೆ ಆರಂಭವಾಗುತ್ತದೆ. ಹೆಚ್ಚಾಗಿ ಮೊದಲು ಕೆಡುವುದು ನಿದ್ರೆ. ಮಗು ಮಲಗಿದ್ದರೂ ತಾಯಿಗೆ ಕಣ್ಣು ಮುಚ್ಚದು. ಬಳಿಕ ಅಸಂಬದ್ಧ ಮಾತು, ಅನುಮಾನ, ಇಲ್ಲದ ಧ್ವನಿ ಕೇಳಿಸುವುದು, ಒಮ್ಮೆ ನಗು, ಒಮ್ಮೆ ಭಯ. 'ಈ ಮಗು ನನ್ನದಲ್ಲ' ಎಂದೂ ಹೇಳಬಹುದು. ನಡುನಡುವೆ ಕೆಲವು ಗಂಟೆ ಸರಿಯಾಗಿಯೇ ಇರುವುದರಿಂದ ಮನೆಯವರು ಮೋಸಹೋಗುತ್ತಾರೆ.

ನಾನು ಕಂಡ ಒಬ್ಬ ತಾಯಿಯನ್ನು, ಗಾಳಿ ಸೋಕಿದೆಯೆಂದು, ಐದು ದಿನ ತಾಯಿತ ಕಟ್ಟಿಸುತ್ತ ಅಲೆಸಿದ್ದರು. ಆಕೆ ನಿದ್ರಿಸಿರಲಿಲ್ಲ; ಮಗುವಿಗೆ ಹೊಟ್ಟೆತುಂಬ ಹಾಲಿರಲಿಲ್ಲ. ಹರಕೆ ಹೊರಬೇಡಿರೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿಯೂ ಹರಕೆ ಹೊರಬಹುದು.

ಏಕೆಂದರೆ ಇದು ತುರ್ತು ರೋಗ. ತಾಯಿಯು ತಿಳಿಯದೆ ತನ್ನ ಜೀವಕ್ಕೋ ಮಗುವಿನ ಜೀವಕ್ಕೋ ಅಪಾಯ ತಂದುಕೊಳ್ಳಬಹುದು. ಇಬ್ಬರನ್ನೂ ಒಂಟಿಯಾಗಿ ಬಿಡಬಾರದು. ಆಕೆಯನ್ನು ಹೊಡೆಯುವುದು, ಕೂಡಿಹಾಕುವುದು ಸಲ್ಲದು. 108ಕ್ಕೆ ಕರೆಮಾಡಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರ, ವಿಪರೀತ ತಲೆನೋವು ಅಥವಾ ಫಿಟ್ಸ್ ಇದ್ದರೆ ತಪ್ಪದೆ ತಿಳಿಸಿರಿ. ಗರ್ಭಕೋಶದ ಸೋಂಕಿನಿಂದಲೂ, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದರಿಂದಲೂ ಹೀಗಾಗಬಹುದು. (ಬಾಣಂತಿಗೆ ನೀರು ಕೊಡದಿರುವ ಪದ್ಧತಿ ಈ ಎರಡನೆಯದಕ್ಕೆ ಅನುಕೂಲ ಮಾಡಿಕೊಡುತ್ತದೆ, ಅದನ್ನು ಬಿಡಬೇಕು.)

ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಸಿದುಕೊಳ್ಳುವರೆಂಬ ಅಂಜಿಕೆ ಅನೇಕರಿಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸುವಂತಿಲ್ಲ. ಮಗುವಿಗೆ ಅಪಾಯವಿದ್ದಾಗ ಮಾತ್ರ ತಾತ್ಕಾಲಿಕವಾಗಿ ದೂರವಿಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ತಾಯಿ-ಮಗುವಿಗಾಗಿಯೇ ವಿಶೇಷ ವಾರ್ಡನ್ನು ತೆರೆಯಲಾಯಿತು. ಅಲ್ಲಿ ಮನೆಯ ಹೆಂಗಸೊಬ್ಬರು ಜೊತೆಗಿರುತ್ತಾರೆ. ದಾದಿಯರ ಕಣ್ಗಾವಲಿನಲ್ಲಿ ತಾಯಿಯು ಮಗುವನ್ನು ಎತ್ತಿಕೊಳ್ಳುತ್ತಾಳೆ, ಆಡಿಸುತ್ತಾಳೆ.

ಚಿಕಿತ್ಸೆಯಲ್ಲಿ ಮೊದಲ ಕೆಲಸ ನಿದ್ರೆ ಬರಿಸುವುದು. ಔಷಧಿಗಳಲ್ಲಿ ಕೆಲವು ಎದೆಹಾಲಿಗೆ ಹೊಂದುತ್ತವೆ, ಕೆಲವು ಹೊಂದವು. ಹಾಲೂಡಿಸುವ ಬಗ್ಗೆ ವೈದ್ಯರನ್ನೇ ಕೇಳಿರಿ. ಕೆಲವೊಮ್ಮೆ ವಿದ್ಯುತ್ ಚಿಕಿತ್ಸೆ ಬೇಕಾಗುತ್ತದೆ. ಅದನ್ನು ಅರಿವಳಿಕೆ ನೀಡಿಯೇ ಮಾಡಬೇಕೆಂಬುದು ಕಾಯಿದೆ. ಬಹುತೇಕ ತಾಯಂದಿರು ಕೆಲವು ವಾರಗಳಲ್ಲಿ, ಕೆಲವರು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ರಾತ್ರಿ ಮಗುವನ್ನು ನೋಡಿಕೊಳ್ಳುವ ಸರದಿಯಲ್ಲಿ ಪತಿಯೂ ಪಾಲುಗೊಳ್ಳಬೇಕು. ಮುಂದಿನ ಹೆರಿಗೆಯಲ್ಲಿ ರೋಗವು ಮರುಕಳಿಸುವ ಸಂಭವ ಹೆಚ್ಚು. ಆದುದರಿಂದ ಮನೋರೋಗ ತಜ್ಞರೊಡನೆ ಮಾತನಾಡುವವರೆಗೆ ಗರ್ಭನಿರೋಧಕ ವಿಧಾನವನ್ನು ಅನುಸರಿಸಿ, ಮತ್ತೆ ಗರ್ಭ ನಿಂತಾಗ ಹಿಂದಿನ ಕಾಯಿಲೆಯನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿರಿ. ಸಂದೇಹವಿದ್ದಲ್ಲಿ 14416 ಟೆಲಿ-ಮನಸ್ ದೂರವಾಣಿಗೆ ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆಮಾಡಬಹುದು.