ಮೇಲಂತಸ್ತಿನ ಸೆಕೆಗೆ ಎಷ್ಟು ಖರ್ಚು ಮಾಡಬೇಕು?

ಫೆಬ್ರವರಿ ಮುಗಿಯುವ ಮೊದಲೇ ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ವಲಸೆ ಆರಂಭವಾಗುತ್ತದೆ. ಮೇಲಂತಸ್ತಿನಲ್ಲಿ ಮಲಗುವವರು ಚಾಪೆ, ದಿಂಬು ಹಿಡಿದುಕೊಂಡು ಕೆಳಗಿನ ಹಾಲ್‌ಗೆ ಇಳಿದು ಬರುತ್ತಾರೆ. ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ಮೇಲಿನ ಕೋಣೆಗಳು ಮಳೆಗಾಲದ ತನಕ ಖಾಲಿ. ಇಳಿದು ಬರಲಾಗದವರು, ಅಂದರೆ ಹಸುಗೂಸಿನ ತಾಯಿ, ಪರೀಕ್ಷೆಗೆ ಓದುವ ಮಕ್ಕಳು, ಅಲ್ಲೇ ಬೇಯುತ್ತಾರೆ. ತಾರಸಿಗೆ ಹೀಟ್ ಪ್ರೂಫ್ ಮಾಡಿಸಿ ಎಂದು ಒಬ್ಬರು ಹೇಳಿದರೆ ಶೀಟ್ ಹಾಕಿಸಿ ಎಂದು ಇನ್ನೊಬ್ಬರು. ‘ಉಮ್ಮಾ, ಒಂದು ಎ.ಸಿ. ಇಡಿಸಿಬಿಡಿ, ನಾನು ಹಣ ಕಳಿಸುತ್ತೇನೆ’ ಎಂದು ಗಲ್ಫ್‌ನಲ್ಲಿರುವ ಮಗ. ಯಾವುದಕ್ಕೆ ಹಾಕಿದ ಹಣ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂದು ಕೂತು ಲೆಕ್ಕ ಹಾಕುವವರು ಮಾತ್ರ ಕಡಿಮೆ.

ಹಂಚಿನ ಮನೆಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಮಂಗಳೂರು ಹಂಚು ಊರೂರಿಗೆ ಹಬ್ಬಿತು. ಹಂಚು ತೆಳು. ಮಧ್ಯಾಹ್ನ ಕಾದರೂ ಸಂಜೆ ಗಾಳಿ ಬೀಸಿದೊಡನೆ ತಣಿಯುತ್ತದೆ. ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ. ಕೆಳಗೆ ಮರದ ಮುಚ್ಚಿಗೆ ಇದ್ದರೆ ಹೇಳುವುದೇ ಬೇಡ. ಕಾಂಕ್ರೀಟಿನ ಗುಣ ಬೇರೆ. ನಾಲ್ಕೈದು ಇಂಚು ದಪ್ಪದ ಸ್ಲ್ಯಾಬ್ ದಿನವಿಡೀ ಬಿಸಿಲು ಕುಡಿಯುತ್ತದೆ. ಬೇಸಿಗೆಯ ನಡುಹಗಲು ಅದರ ಮೇಲ್ಮೈ 55-60 ಡಿಗ್ರಿಗೆ ಏರುವುದುಂಟು. ಆ ಬಿಸಿ ಒಳಗಿನ ಛಾವಣಿಗೆ ತಲುಪಲು ಎರಡು ಮೂರು ತಾಸು ಬೇಕು. ಹಾಗಾಗಿ ಹೊರಗೆ ಸೂರ್ಯ ಇಳಿಯುವಾಗ ಒಳಗೆ ಛಾವಣಿ ಸುಡಲು ಶುರು. ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಬರುತ್ತದೆ ಎಂದು ಹೆಂಗಸರು ಹೇಳುವುದು ಸುಳ್ಳಲ್ಲ. ಮಧ್ಯರಾತ್ರಿ ದಾಟಿದರೂ ಸ್ಲ್ಯಾಬ್ ತನ್ನ ಸಾಲ ತೀರಿಸುತ್ತಲೇ ಇರುತ್ತದೆ.

ಆದರೆ ನಿಮ್ಮ ಮನೆಯ ಸೆಕೆಗೆ ತಾರಸಿಯೇ ಕಾರಣವೋ ಎಂದು ಮೊದಲು ನೋಡಬೇಕು. ಅಗ್ಗದ ಎರಡು ಥರ್ಮಾಮೀಟರ್ ತಂದು ಒಂದನ್ನು ಕೆಳಗಿನ ಕೋಣೆಯಲ್ಲಿ, ಇನ್ನೊಂದನ್ನು ಮೇಲಿನ ಕೋಣೆಯಲ್ಲಿ ತೂಗುಹಾಕಿ ಒಂದು ವಾರ ರಾತ್ರಿ ಒಂಬತ್ತಕ್ಕೆ ಬರೆದಿಡಿ. ಮೇಲೆ ಮೂರು ನಾಲ್ಕು ಡಿಗ್ರಿ ಹೆಚ್ಚಿದ್ದರೆ ಅಪರಾಧಿ ತಾರಸಿ, ಇಲ್ಲವೇ ಪಡುವಣ ಗೋಡೆ. ಒಂದು ಡಿಗ್ರಿಯಷ್ಟೇ ವ್ಯತ್ಯಾಸವಿದ್ದರೆ ನೀವು ಅನುಭವಿಸುತ್ತಿರುವುದು ಕಡಲ ಗಾಳಿಯ ತೇವ. ಅದಕ್ಕೆ ತಾರಸಿಯ ಮೇಲೆ ಏನು ಹಾಸಿದರೂ ಪರಿಹಾರವಿಲ್ಲ. ಈ ಸಣ್ಣ ಪರೀಕ್ಷೆ ಮಾಡದೆ ಮೇಸ್ತ್ರಿಯನ್ನು ಕರೆಯಬೇಡಿ.

ತಾರಸಿಯೇ ಕಾರಣ ಎಂದಾದರೆ ಮೊದಲ ಮದ್ದು ಸುಣ್ಣ. ಹಳೆಯ ಬೂದು ಕಾಂಕ್ರೀಟ್ ಬಿಸಿಲಿನ ಮೂರನೇ ಒಂದು ಪಾಲನ್ನೂ ಹಿಂದಕ್ಕೆ ಕಳಿಸುವುದಿಲ್ಲ. ಹೊಸದಾಗಿ ಬಿಳಿ ಬಳಿದ ತಾರಸಿ ಸುಮಾರು ಮುಕ್ಕಾಲು ಪಾಲನ್ನು ಹಿಂದಿರುಗಿಸುತ್ತದೆ. ಸ್ಲ್ಯಾಬ್‌ಗೆ ಬಿಸಿ ಸೇರದಿದ್ದರೆ ಅದನ್ನು ತಡೆಯುವ ಪ್ರಶ್ನೆಯೇ ಬರುವುದಿಲ್ಲವಲ್ಲ? ಅಹ್ಮದಾಬಾದ್ 2017ರಿಂದ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಸಿತು. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ನಮ್ಮಲ್ಲಿ ಒಂದು ತೊಡಕಿದೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಡೆ ಸುಣ್ಣ ಆಗಸ್ಟ್ ತನಕವೂ ಉಳಿಯದು, ಪಾಚಿ ಹಿಡಿದು ತಾರಸಿ ಕಪ್ಪಾಗುತ್ತದೆ. ಆದ್ದರಿಂದ ಪ್ರತಿವರ್ಷ ಜನವರಿಯಲ್ಲಿ ಪಾಚಿ ಉಜ್ಜಿ ತೆಗೆದು ಹೊಸದಾಗಿ ಬಳಿಯಬೇಕು. ಮನೆಯ ಹುಡುಗರು ಒಂದು ಭಾನುವಾರ ಮುಗಿಸುವ ಕೆಲಸ.

ಎರಡನೆಯದು ಶೀಟ್. ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಾರಸಿಯ ಮೇಲೆ ಶೀಟ್ ಹೊದಿಸುವುದು ಈಗ ಎಲ್ಲೆಡೆ ಕಾಣುತ್ತದೆ. ಇದರ ಖರ್ಚು ಹೆಚ್ಚು. ಆದರೆ ಅದನ್ನು ಸೆಕೆಯ ಲೆಕ್ಕಕ್ಕೆ ಮಾತ್ರ ಬರೆಯಬಾರದು. ಮಳೆಗಾಲದಲ್ಲಿ ಸ್ಲ್ಯಾಬ್ ಸೋರುವುದು ನಿಲ್ಲುತ್ತದೆ, ಬಟ್ಟೆ ಒಣಗುತ್ತದೆ, ಮನೆಯ ಸಣ್ಣಪುಟ್ಟ ಸಮಾರಂಭಕ್ಕೂ ಜಾಗವಾಗುತ್ತದೆ. ಸೆಕೆ ಕಡಿಮೆಯಾಗಬೇಕಾದರೆ ಶೀಟಿನ ಬಣ್ಣ ತಿಳಿಯಾಗಿರಬೇಕು, ನಾಲ್ಕೂ ಬದಿ ತೆರೆದಿರಬೇಕು. ಬದಿಗಳನ್ನು ಮುಚ್ಚಿ ಅದನ್ನೂ ಒಂದು ಕೋಣೆ ಮಾಡಿಕೊಂಡರೆ ಅದು ಬೇಕರಿಯ ಒಲೆಯಂತೆ. ಶೀಟಿನಡಿಯ ಕೋಣೆಯಲ್ಲಿ ಮಕ್ಕಳಿಗೆ ಪಾಠ ಮಾಡಿದ ಯಾವ ಉಸ್ತಾದರನ್ನು ಕೇಳಿದರೂ ಇದಕ್ಕೆ ಸಾಕ್ಷಿ ಹೇಳಿಯಾರು.

ಇನ್ನು ನಿಜವಾದ ಹೀಟ್ ಪ್ರೂಫಿಂಗ್. ಬೈಕಿನಲ್ಲಿ ಮೀನು ತರುವವರ ಥರ್ಮೋಕೋಲ್ ಪೆಟ್ಟಿಗೆಯನ್ನು ನೋಡಿ. ಒಂದು ಇಂಚು ಥರ್ಮೋಕೋಲ್ ತಡೆಯುವಷ್ಟು ಶಾಖವನ್ನು ತಡೆಯಲು ಕಾಂಕ್ರೀಟಾದರೆ ಮೂರಡಿ ದಪ್ಪ ಬೇಕು. ಆದರೂ ಪೆಟ್ಟಿಗೆ ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ. ಒಳಗೆ ಐಸ್ ಇರಬೇಕು, ಮುಚ್ಚಳ ಹಾಕಿರಬೇಕು. ದುಬೈಯಲ್ಲಿ 2003ರಿಂದಲೇ ಕಟ್ಟಡಗಳಿಗೆ ಶಾಖ ತಡೆಯುವ ಹೊದಿಕೆ ಕಡ್ಡಾಯ ಮಾಡಿದ್ದು ಅಲ್ಲಿ ಕಿಟಕಿ ಮುಚ್ಚಿ ಎ.ಸಿ. ಓಡಿಸುತ್ತಾರೆಂದೇ. ನಮ್ಮ ಕಿಟಕಿಗಳು ತೆರೆದಿರುತ್ತವೆ. ಅಮೆರಿಕ, ಕೆನಡಾಗಳ ಚಳಿ ಪ್ರದೇಶದವರು ಕಾರಿನ ಗ್ಯಾರೇಜಿನ ಬಾಗಿಲಿಗೂ ಇಂಥ ಹೊದಿಕೆ ಬೇಕೇ ಎಂದು ಯೋಚಿಸುತ್ತಾರೆ. ಗ್ಯಾರೇಜ್ ಮನೆಗೆ ತಾಗಿದ್ದು, ಅದರ ಮೇಲೊಂದು ಮಲಗುವ ಕೋಣೆ ಇದ್ದರೆ ಅದಕ್ಕೆ ಅರ್ಥವಿದೆ. ಅಂಗಳದ ಮೂಲೆಯಲ್ಲಿ ಒಂಟಿಯಾಗಿ ನಿಂತ ಗ್ಯಾರೇಜಾದರೆ ಕಾರಿಗೆ ಕಂಬಳಿ ಹೊದಿಸಿದಂತೆ, ಅಷ್ಟೇ. ಹೊದಿಕೆಯ ಬೆಲೆ ಅದರ ಹಿಂದೆ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ.

ಒಂದು ಲೆಕ್ಕ ಮಾಡೋಣ. ದರಗಳು ಊರಿಂದ ಊರಿಗೆ ಬೇರೆ, ನಿಮ್ಮೂರಿನ ದರ ಹಾಕಿಕೊಳ್ಳಿ. 1,500 ಚದರ ಅಡಿಯ ತಾರಸಿ, ಚದರ ಅಡಿಗೆ 60 ರೂಪಾಯಿ ಎಂದಿಟ್ಟುಕೊಂಡರೆ ಖರ್ಚು 90,000. ಅಡಿಯಲ್ಲಿ ಎ.ಸಿ. ಇರುವ ಕೋಣೆ ಒಂದೇ. ಅದು ರಾತ್ರಿಗೆ 8 ಯೂನಿಟ್ ತಿನ್ನುತ್ತದೆ, ಹೊದಿಕೆಯಿಂದ 2 ಯೂನಿಟ್ ಉಳಿಯಿತು ಎನ್ನಿ. ಬೇಸಿಗೆಯ 120 ರಾತ್ರಿಗೆ 240 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಉಳಿತಾಯ 1,680. ತೊಂಬತ್ತು ಸಾವಿರ ವಾಪಸು ಬರಲು ಐವತ್ತು ವರ್ಷ ದಾಟಬೇಕು! ಅದೇ ಹೊದಿಕೆಯನ್ನು 12 ಅಡಿ ಉದ್ದಗಲದ ಆ ಕೋಣೆಯ ಮೇಲೆ ಮಾತ್ರ, ಸುತ್ತ ಎರಡೆರಡು ಅಡಿ ಹೆಚ್ಚು ಹಿಡಿದು ಹಾಕಿಸಿದರೆ 256 ಚದರ ಅಡಿ, 15,360 ರೂಪಾಯಿ. ಒಂಬತ್ತು ವರ್ಷದಲ್ಲಿ ಬಂದೀತು.

ಇದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. 2023ರ ಜುಲೈಯಿಂದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಗಳು ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ರಾತ್ರಿಗೆ 8ರಂತೆ ಎ.ಸಿ. ಒಂದೇ ತಿಂಗಳಿಗೆ 240 ಯೂನಿಟ್ ಎಳೆಯುತ್ತದೆ. ಮನೆಯ ಉಳಿದ ಬಳಕೆ 100 ಯೂನಿಟ್ ಸೇರಿಸಿದರೆ 340. ಏಳು ರೂಪಾಯಿಯಂತೆ ನಾಲ್ಕು ತಿಂಗಳಿಗೆ ಸುಮಾರು ಒಂಬತ್ತೂವರೆ ಸಾವಿರ, ಎ.ಸಿ.ಯ ಬೆಲೆ ಬೇರೆ. ಸುಣ್ಣದಿಂದಲೋ ಹೊದಿಕೆಯಿಂದಲೋ ಆ ಕೋಣೆ ಫ್ಯಾನಿನಲ್ಲೇ ಮಲಗುವಂತಾಗಿ ಎ.ಸಿ. ಬೇಡವೇ ಆದರೆ ಹದಿನೈದು ಸಾವಿರ ಎರಡು ಬೇಸಿಗೆಯಲ್ಲಿ ಹುಟ್ಟುತ್ತದೆ. ಮಗನಿಗೆ ಉತ್ತರ ಕೊಡುವ ಮೊದಲು ಉಮ್ಮ ಈ ಲೆಕ್ಕವನ್ನು ನೋಡಿದರೆ ಒಳ್ಳೆಯದು. ಮೇ ತಿಂಗಳ ಕೆಲವು ರಾತ್ರಿ ಗಾಳಿಯಲ್ಲಿ ತೇವ ತುಂಬಿದಾಗ ಫ್ಯಾನ್ ಸಾಲದು, ಅದೂ ನಿಜ. ಆ ಹತ್ತಿಪ್ಪತ್ತು ರಾತ್ರಿ ಕೆಳಗೆ ಮಲಗಬಹುದು.

ಹಣದ ಲೆಕ್ಕಕ್ಕೆ ಸಿಗದವರೂ ಇದ್ದಾರೆ. ಹೆರಿಗೆಯಾಗಿ ಬಂದ ಮಗಳಿಗೆ ಮೇಲಿನ ಕೋಣೆ ಕೊಟ್ಟು, ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಎಳೆಮಗುವಿಗೆ ಟೋಪಿ, ಶಾಲು ಸುತ್ತಿ ಮಲಗಿಸುವುದನ್ನು ಏಪ್ರಿಲ್ ತಿಂಗಳಲ್ಲೂ ಕಾಣುತ್ತೇವೆ. ಎಳೆಮಕ್ಕಳ ದೇಹಕ್ಕೆ ತನ್ನ ಬಿಸಿಯನ್ನು ಹದದಲ್ಲಿಡುವ ಶಕ್ತಿ ಕಡಿಮೆ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆ ತಿಳಿಯುವುದೂ ಕಡಿಮೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತಿನ್ನುವವರಾದರೆ ದೇಹದ ನೀರು ಬೇಗ ಇಳಿಯುತ್ತದೆ. ಇಂಥವರು ಕಾಂಕ್ರೀಟಿನಡಿ ಮಲಗುತ್ತಿದ್ದರೆ ಮೊದಲು ಅವರ ಕೋಣೆ ಬದಲಿಸಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಬದಲಿಸಲು ಕೋಣೆಯೇ ಇಲ್ಲದಿದ್ದರೆ ಹೊದಿಕೆಯ ಹಣ ಎಷ್ಟು ವರ್ಷಕ್ಕೆ ವಾಪಸು ಬರುತ್ತದೆಂದು ಎಣಿಸುತ್ತಾ ಕೂರುವುದು ನನಗೆ ಸರಿ ಕಾಣದು.

ಹೊಸ ಮನೆ ಕಟ್ಟುವವರ ಮಾತು ಬೇರೆ. ಮನೆಗಳಿಗಾಗಿ ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಇಕೋ ನಿವಾಸ್ ಸಂಹಿತೆ ಎಂಬ ನಿಯಮಾವಳಿ ಹೊರತಂದು, ಛಾವಣಿಯ ಮೂಲಕ ಒಳಬರುವ ಶಾಖಕ್ಕೆ ಒಂದು ಮಿತಿ ಹೇಳಿದೆ. ಬರಿಯ ಸ್ಲ್ಯಾಬ್ ಆ ಮಿತಿಯೊಳಗೆ ಬರುವುದಿಲ್ಲ. ಕಟ್ಟುವಾಗಲೇ ಹಾಕಿಸಿದರೆ ಮತ್ತೆ ಒಡೆದು ಹಾಕಿಸುವ ಕೂಲಿ ಉಳಿಯುತ್ತದೆ.

ಕೆಲಸ ಮಾಡಿಸುವವರು ಗಮನಿಸಬೇಕಾದದ್ದು: ಮೊದಲು ಸೋರಿಕೆ ನಿಲ್ಲಿಸಬೇಕು, ಅದರ ಮೇಲೆ ಹೊದಿಕೆಯ ಹಲಗೆ, ಅದರ ಮೇಲೆ ಗಾರೆ, ಕೊನೆಗೆ ಬಿಳಿ ಟೈಲ್ಸ್. ಹಲಗೆ ನೀರು ಹೀರದಂಥದ್ದೇ ಆಗಬೇಕು. ನೀರು ಕುಡಿದ ಹೊದಿಕೆ ಸೆಕೆಯನ್ನು ಸರಿಯಾಗಿ ತಡೆಯದು. ಒಳಗಿನ ಛಾವಣಿಗೆ ಬರಿಯ ಥರ್ಮೋಕೋಲ್ ಅಂಟಿಸುವುದನ್ನು ಯಾರು ಎಷ್ಟು ಅಗ್ಗಕ್ಕೆ ಹೇಳಿದರೂ ಒಪ್ಪಬೇಡಿ. ಬೆಂಕಿ ತಗಲಿದರೆ ಅದು ಕ್ಷಣದಲ್ಲಿ ಹತ್ತಿಕೊಂಡು ವಿಷದ ಹೊಗೆ ಕಾರುತ್ತದೆ. ಫಾಲ್ಸ್ ಸೀಲಿಂಗ್‌ನಿಂದ ಸ್ವಲ್ಪ ಗುಣವಿದೆ, ಆದರೆ ಮೇಲೆ ಸ್ಲ್ಯಾಬ್ ಸೋರುತ್ತಿದ್ದರೆ ಅದು ಕಣ್ಣಿಗೆ ಬೀಳುವುದು ಹಲಗೆ ಕಳಚಿ ಬೀಳುವಾಗಲೇ. ತಾರಸಿಯ ಮಳೆನೀರನ್ನು ಬಾವಿಗೋ ಟ್ಯಾಂಕಿಗೋ ಬಿಡುವವರು ಸುಣ್ಣ ಬಳಿದ ವರ್ಷ ಮೊದಲ ಮಳೆಗಳ ನೀರನ್ನು ಹೊರಗೆ ಹರಿಯಬಿಟ್ಟು, ಆಮೇಲೆ ಪೈಪ್ ಜೋಡಿಸಿದರೆ ಸಾಕು.