ಮೂರು ಪಾಲಿನ ಮಡಿಕೆ

ಒಂದು ಬದಿ ಮಾತ್ರ ಬಳಸಿದ ಎ4 ಹಾಳೆ, ಕತ್ತರಿ, ಅಡಿಪಟ್ಟಿ, ಒಂದೆರಡು ಬಣ್ಣದ ಪೆನ್ಸಿಲ್. ನಾಲ್ಕನೇ ತರಗತಿಯ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡಲು ಇಷ್ಟು ಸರಂಜಾಮು ಸಾಕು. ಹಾಳೆಯನ್ನು 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿದರೆ ಒಂದೇ ಹಾಳೆಯಲ್ಲಿ ಏಳು ಪಟ್ಟಿ ಸಿಗುತ್ತವೆ. 24 ಏಕೆಂದರೆ ಅದು 2, 3, 4, 6, 8, 12 ಎಲ್ಲಕ್ಕೂ ಮಣಿಯುವ ಸಂಖ್ಯೆ. ಈ ಗುಟ್ಟನ್ನು ಮಕ್ಕಳಿಗೆ ಮೊದಲೇ ಬಿಟ್ಟುಕೊಡಬಾರದು. ಪಟ್ಟಿ ಕೊಟ್ಟ ಕೂಡಲೇ ಅಡಿಪಟ್ಟಿಯನ್ನು ಎತ್ತಿ ಬೀರುವಿನೊಳಗೆ ಇಟ್ಟುಬಿಡಬೇಕು. ಇನ್ನೇನಿದ್ದರೂ ಬೆರಳುಗಳ ಕೆಲಸ.

ಭಿನ್ನರಾಶಿ ಎದುರಾಗುವವರೆಗೆ ಮಗುವಿಗೆ ಸಂಖ್ಯೆ ಎಂದರೆ ಎಣಿಕೆ. ಇದ್ದಕ್ಕಿದ್ದಂತೆ ಗೆರೆಯ ಮೇಲೊಂದು, ಕೆಳಗೊಂದು ಅಂಕಿ ಬಂದು ಕೂತಾಗ ಅದು ಎರಡನ್ನೂ ಬೇರೆಬೇರೆಯಾಗಿಯೇ ಓದುತ್ತದೆ. ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ, ಹಾಗಾದರೆ 1/4ಕ್ಕಿಂತ 1/8 ದೊಡ್ಡದು! ಇದು ನಮ್ಮ ಶಾಲೆಗಳ ಪಾಡು ಮಾತ್ರವಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ 12/13 ಮತ್ತು 7/8ನ್ನು ಕೂಡಿದರೆ ಸುಮಾರು ಎಷ್ಟಾದೀತು ಎಂದು ಕೇಳಿದ್ದರು. ಲೆಕ್ಕ ಮಾಡಬೇಕಿರಲಿಲ್ಲ, ಅಂದಾಜು ಹೇಳಿದರೆ ಸಾಕಿತ್ತು. ಎರಡೂ ಹೆಚ್ಚುಕಡಿಮೆ ಒಂದೊಂದು, ಹಾಗಾಗಿ ಉತ್ತರ 2. ಸರಿ ಹೇಳಿದವರು ಶೇ 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದು ಗುರುತು ಹಾಕಿದ್ದರು. ಮೇಲಿನವನ್ನು ಕೂಡಿದರೆ 19, ಕೆಳಗಿನವನ್ನು ಕೂಡಿದರೆ 21.

ಪುಸ್ತಕದಲ್ಲಿ ರೊಟ್ಟಿಯ ಚಿತ್ರ ಇದ್ದೇ ಇರುತ್ತದೆ. ಆದರೆ ಅದನ್ನು ಬೇರೆ ಯಾರೋ ಆಗಲೇ ಸಮಪಾಲು ಮಾಡಿ ಮುಗಿಸಿರುತ್ತಾರೆ. ಮಗು ಬಣ್ಣ ಹಚ್ಚಿದ ಚೂರುಗಳನ್ನು ಎಣಿಸಿ ಮೇಲೆ ಬರೆಯುತ್ತದೆ, ಒಟ್ಟು ಚೂರುಗಳನ್ನು ಎಣಿಸಿ ಕೆಳಗೆ ಬರೆಯುತ್ತದೆ. ಮತ್ತೆ ಎಣಿಕೆಯೇ ಆಯಿತು. ಭಿನ್ನರಾಶಿಯ ಜೀವವಿರುವುದು ‘ಸಮ’ ಎಂಬುದರಲ್ಲಿ. ಆ ಸಮವನ್ನು ಮಗು ತಾನೇ ಮಾಡಬೇಕು ಎಂಬುದಕ್ಕೇ ಈ ಕಾಗದದ ಕೆಲಸ.

ಅರ್ಧ ಮಾಡುವುದು ಸಲೀಸು. ತುದಿಗೆ ತುದಿ ಕೂಡಿಸಿ ಉಗುರಿನಿಂದ ತೀಡಿದರೆ ಮುಗಿಯಿತು. ಇನ್ನೊಮ್ಮೆ ಮಡಚಿದರೆ ಕಾಲು, ಮತ್ತೊಮ್ಮೆ ಮಡಚಿದರೆ ಅರೆಕಾಲು. ಮೂರನೇ ಮಡಿಕೆ ಬಿಚ್ಚುವ ಮುಂಚೆ ಎಷ್ಟು ಭಾಗ ಆಗಿರಬಹುದು ಎಂದು ಕೇಳಿ ನೋಡಿ. ‘ಆರು’ ಎನ್ನುವ ದನಿಗಳೇ ಹೆಚ್ಚು. ಬಿಚ್ಚಿದರೆ ಎಂಟು! ಇನ್ನು ಕೆಲವು ಮಕ್ಕಳು ಭಾಗಗಳ ಬದಲು ಮಡಿಕೆಯ ಗೆರೆಗಳನ್ನೇ ಎಣಿಸಿ ಏಳು ಎನ್ನುತ್ತಾರೆ. ಆಗ ತಿದ್ದಲು ಹೋಗದೆ ಬಣ್ಣದ ಪೆನ್ಸಿಲ್ ಕೊಟ್ಟು ಒಂದೊಂದು ಭಾಗಕ್ಕೆ ಒಂದೊಂದು ಚುಕ್ಕೆ ಇಡಿಸುವುದು ಮೇಲು.

ನಮ್ಮ ಮನೆಗಳಲ್ಲಿ ಈ ಮಡಿಕೆ ಮೊದಲೇ ಇತ್ತು ಎನ್ನಬೇಕು. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಸೇರಿನಲ್ಲಿ ಎರಡು ಅಚ್ಚೇರು, ಅಚ್ಚೇರಿನಲ್ಲಿ ಎರಡು ಪಾವು, ಪಾವಿನಲ್ಲಿ ಎರಡು ಅರೆಪಾವು, ಅರೆಪಾವಿನಲ್ಲಿ ಎರಡು ಚಟಾಕು. ಅಂದರೆ 1, 1/2, 1/4, 1/8, 1/16. ಅಕ್ಕಿ ಅಳೆಯುತ್ತಿದ್ದ ಅಜ್ಜಿಗೆ ಅಂಶ, ಛೇದ ಗೊತ್ತಿರಲಿಲ್ಲ, ಆದರೆ ಅರೆಪಾವು ಪಾವಿಗಿಂತ ದೊಡ್ಡದು ಎಂದು ಆಕೆಯನ್ನು ಯಾರಿಂದಲೂ ನಂಬಿಸಲು ಆಗುತ್ತಿರಲಿಲ್ಲ. ಆ ಸಾಲಿನಲ್ಲಿ ಇಲ್ಲದಿರುವುದು ಮೂರನೇ ಒಂದು. ಕಾಗದದಲ್ಲಿಯೂ ಕಷ್ಟ ಶುರುವಾಗುವುದು ಅಲ್ಲೇ.

ಹೊಸ ಪಟ್ಟಿ ಕೊಟ್ಟು ‘ಮೂರು ಸಮಪಾಲು ಮಾಡಿ’ ಎಂದು ಸುಮ್ಮನಾಗಿ. ತರಗತಿಯ ಸದ್ದು ತಾನಾಗಿ ಇಳಿಯುತ್ತದೆ. ಒಬ್ಬಳು ಅರ್ಧಕ್ಕೆ ಮಡಚಿ, ಒಂದು ಅರ್ಧವನ್ನು ಮತ್ತೆ ಮಡಚಿ ‘ಮೂರಾಯಿತು’ ಎನ್ನುತ್ತಾಳೆ. ಪಕ್ಕದವನು ಒಂದನ್ನೊಂದು ತಾಳೆ ಹಾಕಿ ‘ನಿನ್ನದು ಒಂದು ದೊಡ್ಡದು’ ಎಂದು ತಕರಾರು ತೆಗೆಯುತ್ತಾನೆ. ಮೇಷ್ಟರು ಹತ್ತು ಸಲ ಹೇಳಿದರೂ ಹತ್ತದ ‘ಸಮ’ ಆ ತಕರಾರಿನಲ್ಲಿ ತಟ್ಟನೆ ಹತ್ತುತ್ತದೆ. ಕೊನೆಗೆ ಯಾರಾದರೂ ಒಬ್ಬರು ಪಟ್ಟಿಯನ್ನು ತೀಡದೆ ಸಡಿಲವಾಗಿ ಎಸ್ ಆಕಾರಕ್ಕೆ ಬಾಗಿಸಿ, ಅಂಚಿನಿಂದ ಒಂದು ಕಣ್ಣಲ್ಲಿ ನೋಡುತ್ತ, ಎಳೆದು ತಳ್ಳಿ ಸರಿಪಡಿಸುವ ಉಪಾಯ ಕಂಡುಕೊಳ್ಳುತ್ತಾರೆ.

ಜಪಾನಿನ ಒರಿಗಾಮಿ ಬಲ್ಲವರ ಬಳಿ ಇನ್ನೂ ಸೊಗಸಾದ ದಾರಿ ಇದೆ. ಫುಜಿಮೊಟೊ ವಿಧಾನ ಎಂದು ಅದರ ಹೆಸರು. ಎಡತುದಿಯಿಂದ ಕಣ್ಣಂದಾಜಿನಲ್ಲಿ ಮೂರನೇ ಒಂದಕ್ಕೆ ಗೆರೆ ಹಾಕಿ. ಬಲತುದಿಯನ್ನು ಆ ಗೆರೆಗೆ ತಂದು ಮಡಚಿ. ಈಗ ಎಡತುದಿಯನ್ನು ಈ ಹೊಸ ಗೆರೆಗೆ ತಂದು ಮಡಚಿ. ಹೀಗೆ ಆಚೆ ಈಚೆ ಮಾಡುತ್ತ ಹೋಗಿ. ಮಗುವಿನ ಅಂದಾಜು ಒಂದು ಸೆಂಟಿಮೀಟರ್ ತಪ್ಪಿತೆನ್ನಿ. 8 ಇರಬೇಕಾದಲ್ಲಿ ಗೆರೆ 9ರಲ್ಲಿ ಬಿತ್ತು. ಉಳಿದ 15ರ ಅರ್ಧ ಏಳೂವರೆ, ಅದು ಬಲಗಡೆಯ ಪಾಲು. ಎಡಕ್ಕೆ ಉಳಿದದ್ದು ಹದಿನಾರೂವರೆ, ಅದರ ಅರ್ಧ ಎಂಟೂಕಾಲು. ಒಂದು ಸೆಂಟಿಮೀಟರಿನ ತಪ್ಪು ಒಂದೇ ಸುತ್ತಿನಲ್ಲಿ ಕಾಲು ಸೆಂಟಿಮೀಟರಿಗೆ ಇಳಿಯಿತು. ಇನ್ನೊಂದು ಸುತ್ತು ಹೋದರೆ ಉಳಿಯುವುದು ಕಾಲಿನ ಕಾಲು, ಅಂದರೆ 1/16. ಕಣ್ಣಿಗೆ ಅದು ಕಾಣುವುದೇ ಇಲ್ಲ.

ಚೌಕದ ಹಾಳೆಯಾದರೆ ಅಂದಾಜಿನ ಹಂಗೂ ಇಲ್ಲ. ಮೇಲಂಚಿನ ನಡುವನ್ನು ಚಿವುಟಿ ಗುರುತು ಮಾಡಿ, ಕೆಳಗಿನ ಬಲಮೂಲೆಯನ್ನು ಎತ್ತಿ ಆ ಗುರುತಿಗೆ ಕೂರಿಸಿ ಮಡಚಿ. ಕೆಳಗಿನ ಅಂಚು ಓರೆಯಾಗಿ ಮೇಲೆದ್ದು ಎಡ ಅಂಚನ್ನು ಒಂದು ಕಡೆ ದಾಟುತ್ತದೆ. ಮೇಲಿನ ಎಡಮೂಲೆಯಿಂದ ಆ ಜಾಗಕ್ಕೆ ಇರುವ ದೂರ ಚೌಕದ ಬದಿಯ ಕರಾರುವಾಕ್ಕಾದ ಮೂರನೇ ಎರಡು. ಇದನ್ನು ಕಂಡುಕೊಂಡ ಕಝುವೊ ಹಾಗಾ ಗಣಿತದ ಮೇಷ್ಟರಲ್ಲ, ತ್ಸುಕುಬಾ ವಿಶ್ವವಿದ್ಯಾಲಯದ ಜೀವವಿಜ್ಞಾನಿ.

ಕಾಗದ ಮಡಚಿ ಗಣಿತ ಕಲಿಸುವುದಕ್ಕೆ ಜಪಾನಿನವರೆಗೂ ಹೋಗಬೇಕಿಲ್ಲ. ಕುಂಭಕೋಣಂನಲ್ಲಿ ಓದಿ ಮದ್ರಾಸ್ ಪ್ರಾಂತ್ಯದ ಕಂದಾಯ ಇಲಾಖೆಯಲ್ಲಿದ್ದ ಟಿ. ಸುಂದರ ರಾವ್ 1893ರಲ್ಲಿ ಬರಿಯ ಮಡಿಕೆಗಳಿಂದ ರೇಖಾಗಣಿತ ಹೇಳುವ ಪುಸ್ತಕವನ್ನು ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಶಿಶುವಿಹಾರದ ಆಟಿಕೆಯಾಗಿ ಬರುತ್ತಿದ್ದ 200 ಬಣ್ಣದ ಚೌಕಗಳ ಕಟ್ಟೇ ಅದಕ್ಕೆ ಪ್ರೇರಣೆ. ಚೌಕದ ನಾಲ್ಕೂ ಮೂಲೆಗಳನ್ನು ನಡುವಿಗೆ ಮಡಚಿದರೆ ಅರ್ಧ ವಿಸ್ತೀರ್ಣದ ಚೌಕ, ಅದನ್ನೂ ಹಾಗೇ ಮಡಚಿದರೆ ಕಾಲು. ಹೀಗೆ ಕೊನೆಯಿಲ್ಲದೆ ಮಡಚುತ್ತ ಹೋದರೆ 1/2, 1/4, 1/8 ಎಲ್ಲ ಕೂಡಿ ಒಂದಾಗುತ್ತದೆ ಎಂದು ರಾಯರು ತೋರಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಪುಸ್ತಕವನ್ನು ಮೆಚ್ಚಿ ಪ್ರಸ್ತಾಪಿಸಿದ ಮೇಲೆ 1901ರಲ್ಲಿ ಅದು ಅಮೆರಿಕದಲ್ಲಿಯೂ ಪ್ರಕಟವಾಯಿತು.

ಪಟ್ಟಿಗಳೆಲ್ಲ ಸಿದ್ಧವಾದ ಮೇಲೆ ಕೂಡುವ ಲೆಕ್ಕ. 1/2 ಮತ್ತು 1/3 ಸೇರಿದರೆ 2/5 ಎಂದು ಬರೆಯುವ ಮಗುವಿಗೆ ಉತ್ತರ ತಪ್ಪು ಎನ್ನಬೇಕಾಗಿಲ್ಲ. ಐದು ಪಾಲಿನ ಪಟ್ಟಿಯಲ್ಲಿ ಎರಡು ಪಾಲು ಅರ್ಧಕ್ಕೂ ಸಾಲದು; ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುವುದುಂಟೆ? ಹಾಗಾದರೆ ಎರಡನ್ನೂ ಅಳೆಯುವ ಚಿಕ್ಕ ತುಂಡು ಯಾವುದು ಎಂದು ಹುಡುಕಿದರೆ ಆರನೇ ಒಂದು ಕೈಗೆ ಸಿಗುತ್ತದೆ. ಅರ್ಧದಲ್ಲಿ ಮೂರು, ಮೂರನೇ ಒಂದರಲ್ಲಿ ಎರಡು, ಒಟ್ಟು 5/6. ಲ.ಸಾ.ಅ. ಎಂಬ ಮಾತೇ ಎತ್ತದೆ ಅದರ ಕೆಲಸ ಆಗಿಹೋಯಿತು. ಮಿಕ್ಕ ಜಾಗಕ್ಕೆ ಇನ್ನೊಂದು 1/6 ಇಟ್ಟರೆ ಪಟ್ಟಿ ಭರ್ತಿ.

ಈ 1/2, 1/3, 1/6ರ ಜೋಡಣೆ ನಮ್ಮ ನೆಲದ್ದೇ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅಂಶ 1 ಆಗಿರುವ ಭಿನ್ನರಾಶಿಗಳನ್ನು ಎಷ್ಟು ಬೇಕೋ ಅಷ್ಟು ಕೂಡಿಸಿ ಒಂದು ಮಾಡುವ ಸೂತ್ರ ಕೊಟ್ಟಿದ್ದಾನೆ. ಮೂರು ಬೇಕೆಂದರೆ ಮೇಲಿನವು. ನಾಲ್ಕು ಬೇಕೆಂದರೆ 1/2, 1/3, 1/9, 1/18. ಹದಿನೆಂಟನೇ ಒಂದು ಎ4 ಹಾಳೆಯ ಪಟ್ಟಿಯಲ್ಲಿ ತೀರ ಕಿರಿದಾಗುತ್ತದೆ, ಪತ್ರಿಕೆಯ ಹಾಳೆಯಿಂದ 36 ಸೆಂ.ಮೀ. ಪಟ್ಟಿ ಕತ್ತರಿಸಿಕೊಳ್ಳುವುದು ಒಳ್ಳೆಯದು.

ಸರ್ಕಾರಿ ಶಾಲೆಗಳಿಗೆ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆಯಲ್ಲಿ ಭಿನ್ನರಾಶಿಯ ಸಿದ್ಧ ಪಟ್ಟಿಗಳು ಬಂದಿವೆ. ಹೋಲಿಸಲು, ಕೂಡಲು ಅವು ಅಚ್ಚುಕಟ್ಟು, ಹರಿಯುವುದಿಲ್ಲ. ಆದರೆ ಮೊದಲು ಮಡಚಿ ಆಮೇಲೆ ಪೆಟ್ಟಿಗೆ ತೆರೆಯುವುದು ಸರಿ ಎಂದು ನನ್ನ ಅಭಿಪ್ರಾಯ. ಸಿದ್ಧ ತುಂಡು ಕೈಗೆ ಬಂದರೆ ‘ನಿನ್ನದು ದೊಡ್ಡದು’ ಎಂಬ ಜಗಳಕ್ಕೆ ಆಸ್ಪದವೇ ಇರುವುದಿಲ್ಲ.

ಐದು, ಏಳು ಪಾಲುಗಳು ಮಾತ್ರ ಮಡಿಕೆಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಗೆರೆ ಹಾಕಿದ ಉದ್ದ ನೋಟ್‌ಬುಕ್ ಸಾಕು. ಪಟ್ಟಿಯ ಒಂದು ತುದಿಯನ್ನು ಯಾವುದಾದರೂ ಗೆರೆಯ ಮೇಲಿಟ್ಟು, ಇನ್ನೊಂದು ತುದಿ ಅಲ್ಲಿಂದ ಕೆಳಗೆ ಇಪ್ಪತ್ತನೇ ಗೆರೆ ಮುಟ್ಟುವಂತೆ ಓರೆಯಾಗಿ ಇಡಿ. ನಾಲ್ಕು ನಾಲ್ಕು ಗೆರೆಗೊಮ್ಮೆ ಪಟ್ಟಿಯ ಅಂಚಿನಲ್ಲಿ ಗುರುತು ಹಾಕಿದರೆ ಐದು ಸಮಪಾಲು. ಇಪ್ಪತ್ತೊಂದನೇ ಗೆರೆ ಮುಟ್ಟಿಸಿ ಮೂರು ಮೂರಕ್ಕೊಮ್ಮೆ ಗುರುತಿಸಿದರೆ ಏಳು. ಹೀಗೇಕೆ ಆಗುತ್ತದೆ ಎಂಬುದು ಹತ್ತನೇ ತರಗತಿಯಲ್ಲಿ ಥೇಲ್ಸನ ಪ್ರಮೇಯ ಬಂದಾಗ ತಿಳಿಯುತ್ತದೆ. ನಾಲ್ಕನೇ ತರಗತಿಯಲ್ಲಿ ಗುರುತು ಹಾಕಿ, ಮಡಚಿ, ಒಂದರ ಮೇಲೊಂದು ಇಟ್ಟು ತಾಳೆ ನೋಡಿದರೆ ಸಾಕು.